ಅತ್ತೆಯ ಅಂಗಳದಲ್ಲಿ ನಿಂತ ದೋಣಿ

"ಕಾಲು ಮುಚ್ಕೊಳ್ರೇ ಮುಂಡೇವಾ," ಎಂದು ಮೇಸ್ತ್ರಿ ಮೇಲಿನ ಮೆಟ್ಟಿಲಿನಿಂದ ಕೂಗಿದ. "ಸಾಹೇಬ್ರು ಬರೋ ಹೊತ್ತಾಯ್ತು. ಆ ಕೆಸರುಗಾಲು ಕಣ್ಣಿಗೆ ಬಿದ್ರೆ ತಿಂದಿದ್ದೆಲ್ಲ ಕಕ್ಕೊಳ್ತಾರೆ."

ದೋಣಿಕಟ್ಟೆಯ ಮೆಟ್ಟಿಲು ತಿಕ್ಕುತ್ತಿದ್ದ ಏಳು ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ನೀರಿನೊಳಗಿರುವ ಕಾಲನ್ನು ಮತ್ಯಾವುದರಿಂದ ಮುಚ್ಚಬೇಕು ಎಂಬುದನ್ನು ಮೇಸ್ತ್ರಿ ಹೇಳಲಿಲ್ಲ.

"ಕೆರೇನೇ ಹೊದ್ಕೊಂಡಿದೀವಲ್ಲ ಮೇಸ್ತ್ರಿ," ಎಂದಳು ಕೆಸರಕ್ಕ, ತಲೆ ಎತ್ತದೆ. "ಇನ್ನೂ ಸಾಲ್ದು ಅಂದ್ರೆ ನಿಮ್ ಪ್ಯಾಂಟು ಬಿಚ್ಕೊಡಿ, ಸುತ್ಕೊಳ್ತೀವಿ."

ಉಳಿದ ಆರು ಜನ ಬ್ರಶ್ಶಿನ ಸದ್ದು ಜೋರು ಮಾಡಿ ನಗು ನುಂಗಿಕೊಂಡರು. ಮೇಸ್ತ್ರಿ ಬಕೆಟ್ಟಿಗೆ ಒದ್ದ. ಸೋಪಿನ ನೀರು ಐದು ಮೆಟ್ಟಿಲು ಇಳಿದು ಅವಳ ಮೈಮೇಲೆ ಸುರಿಯಿತು. ಬೆಳಗಾಗೆದ್ದು ಬಟ್ಟೆ ಒಗೆಯಲು ಪುರುಸೊತ್ತಾಗಿರಲಿಲ್ಲ, ಅದೂ ಒಂದು ಮುಗಿಯಿತು ಅಂದುಕೊಂಡು ಅವಳು ತಿಕ್ಕುತ್ತಲೇ ಇದ್ದಳು.

ಆ ಕೇರಿಗೆ ಕೆರೆಯ ಕೆಸರೇ ಕಸುಬು. ನೀರು ಇಳಿದ ತಿಂಗಳುಗಳಲ್ಲಿ ಹೂಳೆತ್ತುವುದು, ಜೊಂಡು ಕೊಯ್ಯುವುದು, ಏರಿಯ ಬಿರುಕು ಮೆತ್ತುವುದು. ಬೇರೆಯವರು ಹೆಜ್ಜೆ ಇಟ್ಟರೆ ಸೊಂಟದವರೆಗೆ ಇಳಿಯುವ ಹೂಳಿನ ಮೇಲೆ ಇವರು ಹಲಗೆ ಹಾಕಿ ಓಡಾಡುತ್ತಿದ್ದರು. ಹಲಗೆಯ ಮೇಲೆ ಒಂದು ಮಂಡಿ ಊರಿ, ಇನ್ನೊಂದು ಕಾಲಿನಿಂದ ಕೆಸರನ್ನು ಹಿಂದಕ್ಕೆ ಒದ್ದು ಜಾರಿಕೊಂಡು ಹೋಗುವುದು. ಇದನ್ನು ಕಲಿಯಲು ಎಂಟು ವರ್ಷ ಬೇಕು, ಮರೆಯಲು ಸಾಯಬೇಕು ಎಂದು ಕೆಸರಕ್ಕನ ಅತ್ತೆ ಹೇಳುತ್ತಿದ್ದಳು. ಕೆಸರಕ್ಕ ಇಪ್ಪತ್ತೆಂಟು ವರ್ಷದಿಂದ ಮಂಡಿ ಊರುತ್ತಿದ್ದಳು. ಅವಳ ಎಡ ಮಂಡಿಯ ಚರ್ಮ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿಯಾಗಿತ್ತು.

ಕೆರೆ ಧಣಿಯದು. ಅವನ ಅಪ್ಪ ಏರಿ ಕಟ್ಟಿಸಿದ್ದ, ಮಗ ಅದರ ದಂಡೆಯಲ್ಲಿ ರೆಸಾರ್ಟು ಕಟ್ಟಿಸಿದ. ಮೂರಂತಸ್ತಿನ ಕಟ್ಟಡ, ಇಪ್ಪತ್ತು ಕೋಣೆ, ಎಲ್ಲದಕ್ಕೂ ನೆಲ ಮುಟ್ಟುವ ಗಾಜಿನ ಕಿಟಕಿ. ಎಲ್ಲ ಮುಗಿದ ಮೇಲೆ ನೋಡಿದರೆ ಇಪ್ಪತ್ತು ಕಿಟಕಿಯಿಂದಲೂ ಕೆಸರಿನವರ ಕೇರಿ ಕಾಣುತ್ತಿತ್ತು. ತಗಡಿನ ಹದಿನೆಂಟು ಮನೆ, ಹಗ್ಗದ ಮೇಲೆ ಒಣಹಾಕಿದ ಲಂಗ, ಬಾಗಿಲಲ್ಲಿ ಕೂತು ತಲೆ ಬಾಚುವ ಮುದುಕಿಯರು. ದುಡ್ಡು ಕೊಟ್ಟು ಬಂದವರು ಇದನ್ನು ನೋಡಬೇಕೇ ಎಂದು ಧಣಿ ತಾಲೂಕು ಕಚೇರಿಯ ಸಾಹೇಬರಿಗೆ ಅರ್ಜಿ ಕೊಟ್ಟ. ಕೇರಿ ಎತ್ತಿಸಲು ಸಾಹೇಬರು ಸಹಿ ಹಾಕಿದರು. ಅದೇ ಸಾಹೇಬರು ಇವತ್ತು ಕೆರೆಯ ಮಧ್ಯದ ಕಾರಂಜಿ ಶುರು ಮಾಡಲು ಬರುತ್ತಿದ್ದರು. ಅವರು ಊಟ ಮಾಡಿ ಹೊರಟ ಮೇಲೆ, ಮೂರು ಗಂಟೆಗೆ, ಕೇರಿ ಒಡೆಯುವುದು ಎಂದು ಗೊತ್ತಾಗಿತ್ತು. ಅಲ್ಲಿಯವರೆಗೆ ಕೇರಿಗೆ ಅಡ್ಡವಾಗಿ ನೀಲಿ ಟಾರ್ಪಾಲು ಕಟ್ಟಿದ್ದರು. ಟಾರ್ಪಾಲಿನ ಹಿಂದೆ ಜೆಸಿಬಿ ನಿಂತಿತ್ತು, ಅದರೊಳಗೆ ಡ್ರೈವರು ಬಾಯಿ ಕಳೆದುಕೊಂಡು ನಿದ್ದೆ ಹೊಡೆಯುತ್ತಿದ್ದ.

ಎಲ್ಲಿಗೆ ಹೋಗಬೇಕು ಎಂದು ಕೆಸರಕ್ಕ ಹಿಂದಿನ ವಾರ ಕೇಳಿದ್ದಳು. ದಾರಿ ಉದ್ದಕ್ಕಿದೆ, ನಡೆದಷ್ಟೂ ನಿಮ್ಮದೇ ಎಂದು ಧಣಿ ಹೇಳಿದ್ದ. ಆ ಮಾತಿಗೆ ಅವನ ಜೊತೆಗಿದ್ದವರು ನಕ್ಕಿದ್ದರು.

ಕಾರಂಜಿಯ ವಿಷಯ ಬೇರೆಯೇ ಇದೆ. ಕೆರೆಯ ಮಧ್ಯದಲ್ಲಿ ಒಂದು ಜಾಗವುಂಟು, ಕೇರಿಯವರು ಅದಕ್ಕೆ ಹೊಕ್ಕುಳು ಅನ್ನುತ್ತಾರೆ. ಕೆಳಗೆಲ್ಲ ಸುಣ್ಣಕಲ್ಲು, ಕಲ್ಲಿನೊಳಗೆ ಪೊಳ್ಳು. ಪ್ರತಿ ಬೇಸಿಗೆಯಲ್ಲಿ ನೀರು ಸೊಂಟದ ಮಟ್ಟಕ್ಕೆ ಇಳಿದಾಗ ಕೇರಿಗೆ ಕೇರಿಯೇ ಅಲ್ಲಿಗೆ ಹೋಗಿ, ಜೇಡಿಮಣ್ಣಿಗೆ ಹುಲ್ಲು ಕಲಸಿ ಸುರಿದು, ಒಬ್ಬರ ಹೆಗಲು ಒಬ್ಬರು ಹಿಡಿದು ಮೂರು ದಿನ ತುಳಿಯುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ, ಯಾರೂ ಕೂಲಿ ಕೊಟ್ಟದ್ದೂ ಅಲ್ಲ. ಏರಿ ಕಟ್ಟಿದ ವರ್ಷದಿಂದ ತುಳಿಯುತ್ತಾ ಬಂದಿದ್ದರು, ಕೆರೆ ನಿಂತಿತ್ತು. ಇವರು ಕೆಸರಲ್ಲಿ ಕುಣಿಯುತ್ತಾರೆ ಎಂದು ದಂಡೆಯ ಮೇಲಿನವರು ಅಂದುಕೊಂಡಿದ್ದರು.

ಈ ಬೇಸಿಗೆಯಲ್ಲಿ ಇಂಜಿನಿಯರು ನಕ್ಷೆ ಹಿಡಿದುಕೊಂಡು ಬಂದ. ಕಾರಂಜಿಯ ಕಂಬಕ್ಕೆ ಆಳವಾದ ಜಾಗ ಬೇಕು, ಎಲ್ಲಕ್ಕಿಂತ ಆಳ ಎಲ್ಲಿ ಎಂದು ಕೇಳಿದ. ಕೆಸರಕ್ಕ ಬೆರಳು ತೋರಿಸಿ, ಅಲ್ಲಿ, ಆದ್ರೆ ಅಲ್ಲಿ, ಎಂದು ಬಾಯಿ ತೆರೆಯುವಷ್ಟರಲ್ಲಿ ಧಣಿ ಕಣ್ಣು ಕೆಂಪಗೆ ಮಾಡಿದ.

"ಆದ್ರೆ ಗೀದ್ರೆ ನಿನ್ನನ್ನ ಯಾವಳು ಕೇಳಿದ್ದು? ಕೇಳಿದ್ದಕ್ಕಷ್ಟೇ ಬಾಯಿ ಬಿಡು. ಇಂಜಿನಿಯರ್ ಮುಂದೆ ಪಾಠ ಹೇಳೋಕೆ ಬಂದ್ಲು, ಕೆಸರು ನಾಯಿ."

ಕೆಸರಕ್ಕ ಬಾಯಿ ಮುಚ್ಚಿದಳು. ಹೇಳಿದ ಮಾತು ಕೇಳುವುದರಲ್ಲಿ ಅವಳಷ್ಟು ಒಳ್ಳೆಯ ಹೆಂಗಸು ಆ ಕೇರಿಯಲ್ಲೇ ಇರಲಿಲ್ಲ. ಹೊಕ್ಕುಳಿನ ನಟ್ಟನಡುವೆ ಕೊರೆದು ಕಂಬ ಹೂತರು. ಈ ವರ್ಷ ತುಳಿಯಲು ಹೋದವರನ್ನು, ಕಾರಂಜಿಯ ನೀರು ಕದಡುತ್ತೀರಿ ಎಂದು ಮೇಸ್ತ್ರಿ ಕೋಲು ಹಿಡಿದು ಅಟ್ಟಿದ.

ಹತ್ತು ಗಂಟೆಗೆ ಸಾಹೇಬರ ಕಾರು ಬಂತು. ಮೇಲಿನ ಮೆಟ್ಟಿಲುಗಳ ಮೇಲೆ ಕೆಂಪು ಜಮಖಾನೆ ಹಾಸಿದ್ದರು. ಸಾಹೇಬರು ಅದರ ಮೇಲೆ ನಡೆದು ಮೋಟಾರು ದೋಣಿ ಹತ್ತಿದರು. ದೋಣಿ ನಡೆಸುವ ಆಳನ್ನು ಧಣಿ ಇಳಿಸಿ, ತಾನೇ ಸ್ಟೇರಿಂಗು ಹಿಡಿದ. ಅವರು ಹೋಗುವವರೆಗೆ ಏಳು ಹೆಂಗಸರೂ ಕಟ್ಟೆಯ ಮಗ್ಗುಲಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದರು, ಹಾಗೆ ನಿಲ್ಲಬೇಕೆಂದು ಹೇಳಲಾಗಿತ್ತು. ದೋಣಿ ದೂರವಾದ ಮೇಲೆ ಉಳಿದ ಮೆಟ್ಟಿಲು ಮುಗಿಸಲು ಇಳಿದರು.

ಏಳನೇ ಮೆಟ್ಟಿಲು ತಿಕ್ಕಿ ಮುಗಿಸಿ ಕೆಸರಕ್ಕ ಸೊಂಟ ನೆಟ್ಟಗೆ ಮಾಡಿದಳು. ಕೆಳಗೆ ಎಂಟನೆಯದು ಕಾಣುತ್ತಿತ್ತು, ಪಾಚಿ ಹಿಡಿದು ಹಸಿರಾಗಿತ್ತು. ಅದು ಆಗ ನೀರಿನೊಳಗಿತ್ತಲ್ಲ ಎಂದು ಅವಳಿಗೆ ಅನುಮಾನ ಬಂತು. ಎಂಟನೆಯದನ್ನು ತಿಕ್ಕಿದಳು. ಒಂಬತ್ತನೆಯದು ಬಂತು.

"ಇನ್ನೂ ಮುಗ್ದಿಲ್ವೇನ್ರೇ ಸೋಮಾರಿಗಳಾ?" ಎಂದು ಮೇಸ್ತ್ರಿ ಮೇಲಿನಿಂದ ಬೈದ. "ಕೆಳಗಿಂದು ನೋಡು, ಎಷ್ಟು ಕೊಳಕು."

"ತಿಕ್ತಾನೇ ಇದೀವಿ ಮೇಸ್ತ್ರಿ. ಒಟ್ಟು ಎಷ್ಟು ಮೆಟ್ಲು ಅಂತ ಹೇಳ್ಬಿಡಿ, ಲೆಕ್ಕ ಇಟ್ಕೊಳ್ತೀವಿ."

ಕಾಣೋದನ್ನೆಲ್ಲ ತಿಕ್ಕಬೇಕು ಎಂದು ಮೇಸ್ತ್ರಿ ಹೇಳಿದ. ಸರಿ ಎಂದು ಅವಳು ಒಪ್ಪಿಕೊಂಡಳು. ಹತ್ತು, ಹನ್ನೊಂದು, ಹನ್ನೆರಡು. ಪಕ್ಕದವಳು ಕೆಸರಕ್ಕನ ಮುಖ ನೋಡಿದಳು, ಕೆಸರಕ್ಕ ಅವಳ ಮುಖ ನೋಡಿದಳು. ಇಬ್ಬರಿಗೂ ಏನಾಗುತ್ತಿದೆ ಎಂದು ಗೊತ್ತಾಗಿತ್ತು. ಹೇಳಬೇಕೋ ಬೇಡವೋ ಎಂಬ ಯೋಚನೆ ಕೆಸರಕ್ಕನಿಗೆ ಬಂದದ್ದು ನಿಜ. ಆದರೆ ಮೇಸ್ತ್ರಿ ಅದನ್ನು ಕೇಳಿರಲಿಲ್ಲ. ಹದಿನಾಲ್ಕನೇ ಮೆಟ್ಟಿಲಿಗೆ ಮೆಟ್ಟಿಲೇ ಮುಗಿದು ಹೂಳು ಶುರುವಾಯಿತು, ಇದನ್ನೂ ತಿಕ್ಕಬೇಕಾ ಎಂದು ಅವಳು ಕೂಗಿ ಕೇಳಿದಳು. ಆಗ ಮೇಸ್ತ್ರಿ ಮೊದಲ ಸಲ ಕೆರೆಯ ಕಡೆ ನೋಡಿದ.

ಅಲ್ಲಿ ಸಾಹೇಬರು ಗುಂಡಿ ಒತ್ತಿದ್ದರು. ಕಾರಂಜಿ ಒಂದಾಳೆತ್ತರ ಚಿಮ್ಮಿ, ಎರಡು ಸಲ ಕೆಮ್ಮಿ, ನಿಂತುಹೋಯಿತು. ದಂಡೆಯ ಮೇಲಿನ ಅತಿಥಿಗಳು ಅದಕ್ಕೂ ಚಪ್ಪಾಳೆ ತಟ್ಟಿದರು. ಆಮೇಲೆ ಕೆರೆಯ ಮಧ್ಯದಿಂದ ದೊಡ್ಡ ಪಾತ್ರೆಯ ನೀರು ಮೋರಿಗೆ ಇಳಿಯುವಂಥ ಗುಟುಕು ಸದ್ದು ಬಂತು. ನೀರು ತಿರುಗಲು ಶುರುವಾಯಿತು. ಧಣಿ ದೋಣಿಯನ್ನು ದಂಡೆಯ ಕಡೆ ತಿರುಗಿಸಿ ಮೋಟಾರು ಏರಿಸಿದ. ಅರ್ಧ ದಾರಿ ಬರುವಷ್ಟರಲ್ಲಿ ಅಡಿಯಲ್ಲಿ ನೀರೇ ಇರಲಿಲ್ಲ. ಮೋಟಾರಿನ ರೆಕ್ಕೆ ಹೂಳನ್ನು ಕಡೆದು ಇಬ್ಬರ ಮೇಲೂ ಎರಚಿ, ಕೊನೆಗೆ ಹೊಗೆ ಬಿಟ್ಟು ಸುಮ್ಮನಾಯಿತು.

ಒಂದು ತಾಸಿನಲ್ಲಿ ಕೆರೆ ಹೋಯಿತು. ಕಾರಂಜಿಯ ಕಂಬ ವಾಲಿಕೊಂಡು ನಿಂತಿತ್ತು, ಅದರ ಬುಡದಲ್ಲಿ ಒಂದು ಮನೆ ಹಿಡಿಯುವಷ್ಟು ದೊಡ್ಡ ತೂತು. ಎಲ್ಲೆಲ್ಲೂ ಮೀನು ಹೊರಳಾಡುತ್ತಿತ್ತು. ಅದೇ ಮೀನನ್ನು ಒಂದು ಹಿಡಿದದ್ದಕ್ಕೆ ಕೆಸರಕ್ಕನ ಗಂಡನನ್ನು ರೆಸಾರ್ಟಿನ ಗೇಟಿಗೆ ಕಟ್ಟಿ ನಿಲ್ಲಿಸಿದ್ದರು. ಆ ಅವಮಾನಕ್ಕೆ ಊರು ಬಿಟ್ಟವನು ತಿರುಗಿ ಬಂದಿರಲಿಲ್ಲ. ಈಗ ಮೀನನ್ನು ಕೇಳುವವರಿರಲಿಲ್ಲ.

ಅವಳಿಗೆ ನಗು ಬಂತು, ಅದರ ಹಿಂದೆಯೇ ಭಯವೂ ಬಂತು. ಕೆರೆ ಇಲ್ಲದ ಮೇಲೆ ಕೆಸರಿನವರಿಗೆ ಏನು ಕೆಲಸ? ಕೆರೆ ಧಣಿಯದಾದರೂ ಅನ್ನ ಅವರದಾಗಿತ್ತು. ಕೇರಿಯ ಬಾವಿಯ ನೀರೂ ನಾಳೆ ನಾಡಿದ್ದರಲ್ಲಿ ಕೆಳಗಿಳಿಯುತ್ತದೆ. ಅವಳು ಮೆಟ್ಟಿಲ ಮೇಲೆ ಕುಕ್ಕರಿಸಿದಳು.

ಮೇಸ್ತ್ರಿ ಧಣಿಯನ್ನು ಕಾಪಾಡಲು ಹಾರಿಕೊಂಡು ಹೋಗಿ ಹತ್ತು ಹೆಜ್ಜೆಗೆ ಸೊಂಟದವರೆಗೆ ಹೂತುಹೋದ. ರೆಸಾರ್ಟಿನವರು ಬೆಂಕಿ ಆರಿಸುವವರಿಗೆ ಫೋನು ಮಾಡಿದರು. ಬೆಂಕಿ ಎಲ್ಲಿ ಎಂದು ಅವರು ಕೇಳಿದರು. ಬೆಂಕಿಯಲ್ಲ, ಕೆರೆ ಕಳೆದುಹೋಗಿದೆ ಎಂದದ್ದಕ್ಕೆ ಬೈದು ಫೋನು ಇಟ್ಟರು.

"ಅಕ್ಕಾ, ಕೈ ಕೊಡೇ," ಎಂದ ಮೇಸ್ತ್ರಿ. ಅವನ ಬಾಯಲ್ಲಿ ಆ ಅಕ್ಕ ಹೊಸದು.

"ಒದ್ದಾಡ್ಬೇಡಿ ಮೇಸ್ತ್ರಿ. ಹಂಗೇ ನಿಂತ್ಕೊಳ್ಳಿ, ನಿಮ್ ಕಾಲು ಯಾರಿಗೂ ಕಾಣಲ್ಲ."

ಸ್ವಲ್ಪ ಹೊತ್ತು ಅನುಭವಿಸಲಿ ಎಂದು ಬಿಟ್ಟು, ಆಮೇಲೆ ಏಳೂ ಜನ ಸೇರಿ ಅವನನ್ನು ಎಳೆದು ಹಾಕಿದರು. ಪ್ಯಾಂಟು ಒಳಗೇ ಉಳಿಯಿತು.

ಅಷ್ಟರಲ್ಲಿ ಟಾರ್ಪಾಲು ಎತ್ತಿಕೊಂಡು ಕೇರಿಯವರೆಲ್ಲ ಬಂದರು. ಎಲ್ಲರಿಗಿಂತ ಮುಂದೆ ಅತ್ತೆ. ಮನೆ ಒಡೆದರೆ ನನ್ನ ಮೇಲೇ ಒಡೆಯಲಿ ಎಂದು ಎರಡು ದಿನದಿಂದ ಹೊಸಿಲು ಬಿಟ್ಟು ಏಳದೆ ಕೂತಿದ್ದ ಮುದುಕಿ, ಕೋಲೂರಿಕೊಂಡು ಕಟ್ಟೆಯ ತುದಿಗೆ ಬಂದು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

ದೋಣಿ ಸಿಕ್ಕಿಕೊಂಡಿದ್ದ ಕಡೆ ಓಡಿದ ನೀರು ಅರವತ್ತು ವರ್ಷದ ಹೂಳನ್ನು ಕೆರೆದುಕೊಂಡು ಹೋಗಿತ್ತು. ಕಲ್ಲಿನ ಸಾಲುಗಳು ಎದ್ದಿದ್ದವು. ನಾಲ್ಕು ಮೂಲೆಯ ಅಡಿಪಾಯ, ಒಂದು ಒರಳು, ಉದ್ದನೆಯ ಹೊಸಿಲುಗಲ್ಲು.

"ಅದು ನಮ್ಮನೆ ಕಣೇ," ಎಂದಳು ಅತ್ತೆ ಮೆಲ್ಲಗೆ. "ಈ ಧಣಿಯಪ್ಪ ನೀರು ಬಿಟ್ಟಾಗ ಒಲೆ ಮೇಲೆ ಅನ್ನ ಬೇಯ್ತಿತ್ತು. ಬೇರೆ ಜಾಗ ಕೊಡ್ತೀನಿ, ಅಲ್ಲೀವರ್ಗೂ ದಂಡೇಲಿರಿ ಅಂದ. ಅದೇ ದಂಡೇಲಿ ಇದೀವಿ." ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ಕಣ್ಣು ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. "ಆ ಬೋಳಿಮಗ ದೋಣಿ ನಿಲ್ಸಿರೋದು ನನ್ನಂಗಳದಲ್ಲಿ."

ಕಾಪಾಡಿ ಎಂದು ದೋಣಿಯಿಂದ ಕೂಗು ಬರುತ್ತಲೇ ಇತ್ತು. ಕೆಸರಕ್ಕ ಹಲಗೆ ತಂದಳು. ಮಂಡಿ ಊರಿ, ಒದ್ದು, ಜಾರುತ್ತಾ ಹೋದಳು. ಅತಿಥಿಗಳೆಲ್ಲ ಫೋನು ಎತ್ತಿ ಹಿಡಿದರು, ಅವಳ ಕಾಲನ್ನು ಇಷ್ಟು ಜನ ಯಾವತ್ತೂ ನೋಡಿರಲಿಲ್ಲ. ದೋಣಿಗೆ ನಾಲ್ಕು ಮಾರು ಇರುವಾಗ ಅವಳು ಹಲಗೆ ನಿಲ್ಲಿಸಿದಳು.

"ಬೇಗ ಬಾರೇ," ಎಂದ ಧಣಿ. "ಅಲ್ಲೇನು ನೋಡ್ತಾ ಕೂತಿದೀಯ?"

"ಜೆಸಿಬಿ ನೋಡ್ತಿದೀನಿ ಧಣಿ. ಇಲ್ಲಿಂದ ಚೆನ್ನಾಗಿ ಕಾಣತ್ತೆ."

ದಂಡೆ ಮುಟ್ಟಿದ ಮೇಲೆ ಆ ವಿಷಯ ಮಾತಾಡೋಣ ಎಂದು ಧಣಿ ಹೇಳಿದ. ದಂಡೆಯ ಮಾತು ತನ್ನ ಅತ್ತೆ ಒಮ್ಮೆ ಕೇಳಿದ್ದಾಳೆ, ಅದಿನ್ನೂ ಮುಗಿದಿಲ್ಲ ಎಂದು ಕೆಸರಕ್ಕ ಹೇಳಿದಳು. ಅದೇ ಹೊತ್ತಿಗೆ ಕಾರಂಜಿಯ ಕಂಬ ಕರಕರ ಅಂದು, ವಾಲಿ, ತೂತಿನೊಳಗೆ ಇಳಿದುಹೋಯಿತು. ಒಳಗಿನಿಂದ ತೇಗಿನಂಥ ಸದ್ದು ಬಂತು. ಸಾಹೇಬರು ಇನ್ನು ತಡಮಾಡಲಿಲ್ಲ. ಸೀಟಿನ ಮೇಲೆ ಹತ್ತಿ ನಿಂತು, ಗಾಡಿ ಹಿಂದಕ್ಕೆ ತಗೊಳ್ಳೋ ಎಂದು ಜೆಸಿಬಿಯ ಕಡೆ ಕೈ ಬೀಸಿ ಅರಚಿದರು. ಡ್ರೈವರು ಎಚ್ಚರಗೊಂಡು ಗಾಡಿ ಹಿಂದಕ್ಕೆ ತೆಗೆದ. ಕೇರಿಯವರು ಕೇಕೆ ಹಾಕಿದರು.

ಸಾಹೇಬರು ಹಲಗೆಯ ಮೇಲೆ ಬೋರಲು ಮಲಗಿದರು, ಅವಳು ಹಿಂದಿನಿಂದ ತಳ್ಳಿದಳು. ದಾರಿಯಲ್ಲಿ ಅವರು, ಇಲ್ಲಿ ಹೀಗಾಗುತ್ತದೆ ಎಂದು ನಿಮಗೆ ಯಾರಿಗೂ ಗೊತ್ತಿರಲಿಲ್ಲವೇ ಎಂದು ಕೇಳಿದರು.

"ಆಳ ಎಲ್ಲಿ ಅಂತ ಕೇಳಿದ್ರು, ತೋರಿಸ್ದೆ. ಗಟ್ಟಿ ಎಲ್ಲಿ ಅಂತ ಯಾರೂ ಕೇಳ್ಲಿಲ್ಲ ಸಾಹೇಬ್ರೇ."

ಕಟ್ಟೆ ಮುಟ್ಟಿದೊಡನೆ ಸಾಹೇಬರು ಮುಖ ತೊಳೆದುಕೊಂಡರು. ಮುಖದ ಕೆಸರಿನ ಜೊತೆ ದೋಣಿಯಲ್ಲಿ ಕೊಟ್ಟ ಅಪ್ಪಣೆಯೂ ತೊಳೆದುಹೋಯಿತು. ಕಾರಿಗೆ ಹತ್ತುವಾಗ, ಇವತ್ತು ಬೇಡ, ನಾಳೆ ಬೆಳಿಗ್ಗೆ ಕೇರಿ ಎತ್ತಿಸಿ ಎಂದು ಮೇಸ್ತ್ರಿಗೆ ಹೇಳಿದ್ದು ಕೆಸರಕ್ಕನ ಕಿವಿಗೇ ಬಿತ್ತು. ಎರಡು ಫರ್ಲಾಂಗು ತಳ್ಳಿಸಿಕೊಂಡು ಬಂದ ಮನುಷ್ಯ ಥ್ಯಾಂಕ್ಸ್ ಕೂಡ ಹೇಳದೆ ಬಾಗಿಲು ಹಾಕಿಕೊಂಡು ಹೋದ.

ಅವಳು ಜೆಸಿಬಿಯನ್ನು ನೋಡಿದಳು, ಅದರ ಟನ್ನುಗಟ್ಟಲೆ ಭಾರವನ್ನು ನೋಡಿದಳು. ಅದು ಇಳಿದರೆ ಮುಳುಗುವ ಹೂಳನ್ನು ನೋಡಿದಳು. ಅವಳ ಮುಖದಲ್ಲಿ ನಿಧಾನಕ್ಕೆ ನಗು ಹರಡಿತು.

"ಅತ್ತೆ," ಎಂದಳು. "ನಿನ್ನ ಮನೆಗೆ ಬಾಗಿಲು ಎಷ್ಟಗಲ ಇತ್ತು?"

ಮಧ್ಯಾಹ್ನ ಎರಡು ಗಂಟೆಗೆ ಕೇರಿ ತನ್ನ ಮನೆಗಳನ್ನು ತಾನೇ ಬಿಚ್ಚತೊಡಗಿತು. ಒಡೆಯುವ ಕೆಲಸ ಉಳಿಯಿತಲ್ಲ ಎಂದು ಮೇಸ್ತ್ರಿ, ಯಾರದೋ ಟವೆಲು ಸುತ್ತಿಕೊಂಡು, ಖುಷಿಯಿಂದ ನೋಡುತ್ತಿದ್ದ. ಬಿಚ್ಚಿದ್ದನ್ನು ರಸ್ತೆಗೆ ಹೊರದೆ ಕೆರೆಗೆ ಇಳಿಸಿದಾಗ ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಹಲಗೆಯ ಮೇಲೆ ತಗಡು, ತಗಡಿನ ಮೇಲೆ ಪಾತ್ರೆ, ಪಾತ್ರೆಯೊಳಗೆ ಕೋಳಿ. ಅತ್ತೆಯನ್ನು ಬಾಗಿಲಿನ ಮೇಲೆ ಕೂರಿಸಿ ಇಬ್ಬರು ತಳ್ಳಿಕೊಂಡು ಹೋದರು. ಇನ್ನೂ ಸ್ವಲ್ಪ ಎಡಕ್ಕೆ, ಅದು ಹಟ್ಟಿ, ಇದು ನಡುಮನೆ ಎಂದು ಅವಳು ಕೋಲಿನಿಂದ ದಾರಿ ತೋರಿಸಿದಳು. ಧಣಿ ದೋಣಿಯಿಂದ ಫೋನು ಮಾಡಿ ಕಳಿಸಿದ ಇಬ್ಬರು ಕಾವಲುಗಾರರು ತಡೆಯಲು ಇಳಿದು, ಮಂಡಿ ಹೂತ ಕೂಡಲೇ ಹಿಂದಕ್ಕೆ ಹತ್ತಿಕೊಂಡರು.

ಧಣಿ ಇನ್ನೂ ದೋಣಿಯಲ್ಲೇ ಇದ್ದ. ಸಾಹೇಬರನ್ನು ಬಿಟ್ಟು ಬಂದ ಮೇಲೆ ಕೆಸರಕ್ಕ ಅವನಿಗೂ ಹಲಗೆ ಒಡ್ಡಿದ್ದಳು. ನೀವು ಮೈ ತಿಕ್ಕಿದ ಹಲಗೆಯ ಮೇಲೆ ನಾನು ಮಲಗಬೇಕೇ, ಜಮಖಾನೆ ತಂದು ಹಾಸಿ ಎಂದು ಅವನು ಹೇಳಿದ್ದ. ಹೇಳಿದ ಮಾತಿನಂತೆ ಅವರು ಜಮಖಾನೆ ತಂದು ದೋಣಿಯ ಮುಂದೆ ಹಾಸಿದರು. ಅದು ಎರಡು ನಿಮಿಷದಲ್ಲಿ ಮುಳುಗಿತು. ಅಲ್ಲಿಗೆ ಹೆಂಗಸರು ತಮ್ಮ ಕೆಲಸಕ್ಕೆ ಹೋದರು.

ಈಗ ಅವನು ತನ್ನ ಸುತ್ತ ಮನೆಗಳು ಏಳುವುದನ್ನು ನೋಡುತ್ತಾ ಕೂತಿದ್ದ. ಮೊದಲು ಬೈದ. ಪೊಲೀಸು, ಕೋರ್ಟು ಎಂದ. ಬಿಸಿಲು ಇಳಿದಂತೆ ದನಿಯೂ ಇಳಿಯಿತು. ಹೊಕ್ಕುಳಿನ ವಿಷಯ ಯಾರೋ ಫೋನಿನಲ್ಲಿ ಅವನಿಗೆ ತಿಳಿಸಿದ್ದಿರಬೇಕು.

"ಕೆಸರಕ್ಕ, ಕೇಳಿಲ್ಲಿ. ಆ ತೂತು ತುಳ್ದು ಮುಚ್ಬಿಡಿ. ಮಳೆ ಬಂದ್ರೆ ಕೆರೆ ತುಂಬತ್ತೆ. ನಿಮ್ ಕೇರಿ ಅಲ್ಲೇ ಇರ್ಲಿ, ನಾನು ಮುಟ್ಟಲ್ಲ."

ಅಡಿಪಾಯದ ಕಲ್ಲಿಗೆ ಕಂಬ ನಿಲ್ಲಿಸುತ್ತಿದ್ದ ಕೆಸರಕ್ಕ ಕಂಬವನ್ನು ಹೆಗಲಿಗೆ ಆನಿಸಿಕೊಂಡಳು. ಕೆಲಸ, ನೀರು, ಮೀನು, ಎಲ್ಲವೂ ಆ ಮಾತಿನಲ್ಲಿತ್ತು. ಆಸೆಯಾಗಲಿಲ್ಲ ಎಂದರೆ ಸುಳ್ಳು. ಅವಳು ಅತ್ತೆಯ ಕಡೆ ನೋಡಿದಳು. ಹೊಸಿಲುಗಲ್ಲಿನ ಮೇಲೆ ಕೂತು, ಸೆರಗಿನಿಂದ ಅದರ ಕೆಸರು ಒರೆಸುತ್ತಾ, ಮುದುಕಿ ಯಾರ ಮಾತನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

"ಈ ವರ್ಷ ಕಾಲು ನೋಯ್ತಿದೆ ಧಣಿ," ಎಂದಳು ಕೆಸರಕ್ಕ. "ನೀವೇ ತುಳೀರಿ. ಮೂರು ದಿನದ ಕೆಲ್ಸ."

"ಇದು ನನ್ನ ಕೆರೆ ಕಣ್ರೇ," ಎಂದು ಧಣಿ ಅರಚಿದ.

ಅತ್ತೆ ತಲೆ ಎತ್ತಿದಳು. "ನಿನ್ನ ಕೆರೆ ಆ ತೂತಲ್ಲಿ ಇಳ್ದು ಹೋಯ್ತಪ್ಪ. ಬೇಕಾದ್ರೆ ಹಿಂದಿಂದೆ ಹೋಗಿ ಹಿಡ್ಕೋ. ಇದು ನನ್ನಂಗಳ."

ಸಂಜೆಗೆ ಮೊದಲ ಮನೆಯ ಚೌಕಟ್ಟು ನಿಂತಿತು. ಗೋಡೆಯಿಲ್ಲ, ಸೂರಿಲ್ಲ, ಹೊಸಿಲಿನ ಮೇಲೆ ಒಂದು ಬಾಗಿಲು ಮಾತ್ರ. ಅಡಿಪಾಯದೊಳಗೆ ಮೂರು ಕಲ್ಲಿಟ್ಟು ಒಲೆ ಹೂಡಿ ಮೀನು ಸುಡುತ್ತಿದ್ದರು. ಬೆಳಗಿನಿಂದ ಏನೂ ತಿನ್ನದ ಧಣಿ ಮೂಗು ಎಳೆದುಕೊಳ್ಳುವುದು ಮೂವತ್ತು ಹೆಜ್ಜೆ ದೂರಕ್ಕೂ ಕೇಳುತ್ತಿತ್ತು. ಕೊನೆಗೆ ಅವನು ಬೂಟು ಬಿಚ್ಚಿದ. ಒಂದು ಕಾಲು ಇಳಿಸಿದ, ಅದು ತೊಡೆಯವರೆಗೆ ಹೋಯಿತು. ಆಮೇಲೆ ಅವನಿಗೆ ತಾನಾಗಿಯೇ ತಿಳಿಯಿತು. ಹೊಟ್ಟೆಯ ಮೇಲೆ ಬಿದ್ದು, ತೋಳು ಚಾಚಿ, ತೆವಳುತ್ತಾ ಬರತೊಡಗಿದ. ಮುಳುಗಿದರೆ ಎಳೆಯಲು ಕೆಸರಕ್ಕ ಹಗ್ಗ ಹಿಡಿದು ನಿಂತಿದ್ದಳು, ಆದರೆ ಎಸೆಯಲಿಲ್ಲ. ಅವನು ಹೊಸಿಲಿಗೆ ಎರಡು ಮಾರು ಇದ್ದಾಗ ಅವಳು ಹಗ್ಗ ಕೆಳಗಿಟ್ಟು, ಬಾಗಿಲು ಮುಂದಕ್ಕೆ ತಳ್ಳಿ, ಒಳಗಿನಿಂದ ಅಗಳಿ ಹಾಕಿದಳು.

ಧಣಿ ಹೊಸಿಲುಗಲ್ಲು ಹಿಡಿದು ಮಂಡಿಯ ಮೇಲೆ ಎದ್ದ. ಬಾಗಿಲಿನ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎರಡು ಕಡೆಯೂ ಗೋಡೆ ಇರಲಿಲ್ಲ, ಎರಡು ಕಡೆಯೂ ಹದಿನೆಂಟು ಮನೆಯ ಜನ ಕೂತು ಅವನನ್ನೇ ನೋಡುತ್ತಿದ್ದರು. ಅವನು ಕೆಸರಿನ ಕೈ ಎತ್ತಿ ಬಾಗಿಲು ತಟ್ಟಿದ.

"ಯಾರದು?" ಎಂದು ಅತ್ತೆ ಒಳಗಿನಿಂದ ಕೇಳಿದಳು.